ಮಾದೇವಮ್ಮ ಉಟ್ಟು ಮಡಚಿಟ್ಟ ಸೀರೆಗಳು

ಕೊಳ್ಳೇಗಾಲಕ್ಕೆ ಬಂದ ಮರುದಿನ ತರಕಾರಿ ತರಲು ಹೋಗಿ, "ಉಳ್ಳಾಗಡ್ಡಿ ಹ್ಯಾಂಗ ಕೊಟ್ರಿ?" ಎಂದು ಕೇಳಿದೆ. ಗಾಡಿಯ ಹೆಂಗಸು ನನ್ನ ಮುಖವನ್ನೇ ನೋಡಿದಳು. ನಾನು ಇನ್ನೊಮ್ಮೆ, ಇನ್ನೂ ನಿಧಾನವಾಗಿ ಕೇಳಿದೆ. ಪಾಪ, ಇವಳಿಗೆ ಕನ್ನಡ ಬಾರದು ಅಂದುಕೊಂಡಳೋ ಏನೋ, ನನಗೆ ಅನುಕೂಲವಾಗಲೆಂದು ತಮಿಳಿನಲ್ಲಿ ಮಾತಾಡಲು ಶುರು ಮಾಡಿದಳು. ಹುಟ್ಟಿದಾಗಿನಿಂದ ಕನ್ನಡ ಬಿಟ್ಟು ಬೇರೊಂದು ಮಾತು ಬಾರದ ನಾನು, ಕನ್ನಡ ನಾಡಿನ ಒಳಗೇ, ಬೆರಳು ತೋರಿಸಿ ಈರುಳ್ಳಿ ಕೊಂಡು ಬಂದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಈರುಳ್ಳಿ ಹೆಚ್ಚುವ ಮೊದಲೇ ಅತ್ತಿದ್ದೆ ಎಂದು ಈಗ ಹೇಳಿ ನಗುತ್ತೇನೆ. ಆವತ್ತು ನಗು ಬಂದಿರಲಿಲ್ಲ.

ನಮ್ಮದು ವಿಜಯಪುರ ಜಿಲ್ಲೆಯ ಸಿಂದಗಿ. ನಮ್ಮ ಯಜಮಾನರಿಗೆ ಹನೂರು ತಾಲ್ಲೂಕಿನ ಶಾಗ್ಯದಲ್ಲಿ ಶಾಲೆ ಮಾಸ್ತರ ನೌಕರಿ ಸಿಕ್ಕಿದ್ದರಿಂದ ನಾವು ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದೆವು. ಹೊರಡುವಾಗ ನಮ್ಮ ದೊಡ್ಡಮ್ಮ ನನ್ನ ಕೈ ಹಿಡಿದು, "ಕೊಳ್ಳೇಗಾಲಕ್ಕ ಹೊಂಟೀಯಬೇ? ಯಾರರ ಮಾಟ ಮಾಡಿಗೀಡ್ಯಾರು, ಹುಷಾರ" ಅಂದಿದ್ದಳು. ನಮ್ಮ ಊರ ಕಡೆಯ ಓದುಗರೇ, ನಿಮ್ಮಲ್ಲೂ ಅರ್ಧ ಜನ ಹಾಗೆಯೇ ಅಂದುಕೊಂಡಿದ್ದೀರಿ ಎಂದು ನನಗೆ ಗೊತ್ತು. ಇಲ್ಲಿಯ ಜನರಿಗೆ ಬೆಳಗಾದರೆ ರೇಷ್ಮೆ, ಕಬ್ಬು, ಬಸ್ಸು, ಮಕ್ಕಳ ಶಾಲೆ. ಮಾಟ ಮಾಡಲು ಪುರುಸೊತ್ತು ಇರುವವರನ್ನು ನಾನಂತೂ ಇನ್ನೂ ಕಂಡಿಲ್ಲ.

ಕೊಳ್ಳೇಗಾಲದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಯಜಮಾನರು ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆ. ನಮ್ಮ ಕಡೆ ಬೆಳಗಾಗುವುದೇ ರೊಟ್ಟಿ ಬಡಿಯುವ ಸಪ್ಪಳದಿಂದ. ಇಲ್ಲಿ ಓಣಿಯಲ್ಲಿ ಒಂದು ಮನೆಯಲ್ಲೂ ಆ ಸಪ್ಪಳವಿಲ್ಲ. ನಾನೊಬ್ಬಳೇ ಬಡಿಯುತ್ತಿದ್ದೆ, ಪಕ್ಕದ ಮನೆಯವರು ಏನೋ ರಿಪೇರಿ ನಡೆದಿದೆಯೇ ಎಂದು ಬಂದು ಕೇಳಿದರು. ಅಲ್ಲಿಯ ಕಪ್ಪು ಎರೆಹೊಲ ನೋಡಿದ ಕಣ್ಣಿಗೆ ಇಲ್ಲಿಯ ಕೆಂಪು ಮಣ್ಣು, ಹಸಿರು, ಕಾಲುವೆ ನೀರು ಎಲ್ಲ ಚೆಂದವೇ. ಆದರೆ ಚೆಂದ ನೋಡಿಕೊಂಡು ಎಷ್ಟು ಹೊತ್ತು ಕೂರುವುದು? ಮಾತಾಡಲು ಒಬ್ಬರೂ ಇರಲಿಲ್ಲ.

ಮದುವೆಗೆ ಮುಂಚೆ ನಾನು ಸಿಂದಗಿಯ ಒಂದು ಫೋಟೊ ಸ್ಟುಡಿಯೊದಲ್ಲಿ ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡುತ್ತಿದ್ದೆ. ಅದು ಹೇಗೋ ಇಲ್ಲಿ ಸೀರೆ ಅಂಗಡಿ ಇಟ್ಟಿದ್ದ ಶಿವು ಎಂಬುವರ ಕಿವಿಗೆ ಬಿತ್ತು. ಅವರದು ಹತ್ತಿರದ ಮಧುವನಹಳ್ಳಿ. ಅಂಗಡಿಗೆ ರೀಲ್ಸ್ ಮಾಡಿಕೊಡುವವರು ಬೇಕಿತ್ತು. ಮೊಬೈಲನ್ನು ನೆಟ್ಟಗೆ ನಿಲ್ಲಿಸಿ ತೆಗೆಯುವ, ಒಂದು ನಿಮಿಷವೂ ಇಲ್ಲದ ವಿಡಿಯೊ ಅದು. ನಮ್ಮ ಮದುವೆ ವಿಡಿಯೊಗಳು ಅಡ್ಡಕ್ಕೆ ಇರುತ್ತಿದ್ದವು. ಅದರಲ್ಲಿ ಇಡೀ ಹಂದರ ಹಿಡಿಸುತ್ತಿತ್ತು, ಮೂಲೆಯಲ್ಲಿ ಮುನಿಸಿಕೊಂಡು ಕೂತ ಸೋದರತ್ತೆಯೂ ಸಿಗುತ್ತಿದ್ದಳು. ಈ ನೆಟ್ಟಗೆ ನಿಂತ ವಿಡಿಯೊದಲ್ಲಿ ಹಿಡಿಸುವುದು ಒಬ್ಬರೇ.

ಆ ಒಬ್ಬರು ಶಿವುವಿನ ತಾಯಿ ಮಾದೇವಮ್ಮ. ದುಡ್ಡು ಕೊಟ್ಟು ಕರೆತಂದ ಹುಡುಗಿಯರಿಗಿಂತ ಅವರೇ ಚೆನ್ನಾಗಿ ಮಾತಾಡುತ್ತಾರೆ ಎಂದು ಶಿವುಗೆ ಹೊಳೆದದ್ದು ದೊಡ್ಡ ಮಾತು. ಹಣೆ ತುಂಬ ವಿಭೂತಿ, ಅದರ ಕೆಳಗೆ ಕುಂಕುಮ, ಸೆರಗನ್ನು ಎರಡೂ ಕೈಯಲ್ಲಿ ಹರಡಿ ಹಿಡಿದು, "ನಮಸ್ಕಾರ ಕಣ್ರವ್ವಾ! ಚೆನ್ನಾಗಿದ್ದೀರಾ? ನೋಡಿ, ಈ ಅಂಚ್ ನೋಡಿ, ಎಂಗದೆ!" ಎಂದು ಶುರು ಮಾಡಿದರೆ ನೋಡುವವರು ಬೆರಳು ಸರಿಸುತ್ತಿರಲಿಲ್ಲ. ಮೊದಲ ದಿನ ನಾನು ಇಲಕಲ್ ಸೀರೆ ಉಟ್ಟು ಹೋಗಿದ್ದೆ. ನನ್ನ ಹೆಸರು ಕೇಳುವ ಮೊದಲೇ ಸೆರಗು ಹಿಡಿದು ತಿರುವಿ ನೋಡಿದರು. "ಇದ್ಯಾವೂರ್ ಸೀರೆವ್ವಾ? ಸೆರಗ ಬ್ಯಾರೆ ನೇದು ಜೋಡ್ಸವ್ರಲ್ಲ!" ಬಿಜಾಪುರದ ಕಡೆಯದು ಎಂದೆ. ಆಮೇಲೆ ಅವರು ನನ್ನ ಹೆಸರನ್ನು ಕೇಳಲೇ ಇಲ್ಲ. ಕೊನೆತನಕ ನಾನು ಅವರಿಗೆ ಬಿಜಾಪುರದೋಳು.

ಜೋಳ ಬೀಸಿಸಲು ಮಧುವನಹಳ್ಳಿಯ ಮಿಲ್ಲಿಗೆ ಕರೆದುಕೊಂಡು ಹೋದವರು ಅವರು. ಕೋಲು ಹಿಡಿದು ಮುದ್ದೆ ತೊಳಸುವುದನ್ನು ಕಲಿಸಿದವರು ಅವರು. ನಾನು ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿಯುವುದನ್ನು ನೋಡಿ ಬಿದ್ದು ಬಿದ್ದು ನಕ್ಕು, "ಅಗೀಬ್ಯಾಡ ಕಣವ್ವ, ನುಂಗು. ಅದೇನ್ ನಿನ್ ಗಂಟ್ಲಲ್ಲಿ ಕೂತ್ಕಂಡಾದಾ?" ಅಂದರು. ತರಕಾರಿ ಗಾಡಿಯ ಹೆಂಗಸಿನ ಎದುರು ನಿಂತು, "ಇವ್ಳು ನಮ್ ಹುಡ್ಗಿ. ನೀನ್ ಕನ್ನಡದಲ್ಲೇ ಯೋಳು" ಎಂದು ಗದರಿದವರೂ ಅವರೇ. ಆ ದಿನ ನಾನು ಯಜಮಾನರ ಮುಂದೆ ಒಂದು ಚುನಾವಣೆ ಗೆದ್ದವಳ ಹಾಗೆ ಮಾತಾಡಿದೆನಂತೆ.

ಕೆಲಸದ ರೀತಿಯನ್ನು ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ದಿನಕ್ಕೊಂದು ವಿಡಿಯೊ ಹಾಕಬೇಕು, ಆದರೆ ದಿನಾ ತೆಗೆಯುತ್ತ ಕೂತರೆ ವ್ಯಾಪಾರ ನಡೆಯುವುದಿಲ್ಲ. ಅದಕ್ಕೆ ಒಂದೇ ದಿನ ಇಡೀ ತಿಂಗಳಿನದನ್ನು ತೆಗೆದುಬಿಡುವುದು. ಮಾದೇವಮ್ಮ ಒಂದು ಸೀರೆ ಉಟ್ಟು ಮಾತಾಡುವರು, ಬಿಚ್ಚಿ ಇನ್ನೊಂದು ಉಡುವರು. ಪ್ರತಿ ಸಲವೂ ಬೇರೆ ದಿನ ಬಂದವರ ಹಾಗೆ "ಚೆನ್ನಾಗಿದ್ದೀರಾ?" ಎನ್ನಬೇಕು. ಸಂಜೆಗೆ ಎಲ್ಲ ಸೀರೆಯೂ ಮಡಿಕೆ ಮುರಿಯದ ಹಾಗೆ ಅಲಮಾರಿಗೆ ವಾಪಸ್. "ನನ್ ಮದ್ವೇಲೂ ಇಷ್ಟ್ ಸೀರೆ ಉಟ್ಟಿರ್ನಿಲ್ಲ. ಉಟ್ಟು ಏನ್ ಬಂತು, ಎಲ್ಲಾನೂ ಮಡಚ್ಬುಟ್ಟು ಓಗ್ಬೇಕು" ಎಂದು ತಮ್ಮ ಹಳೇ ನೂಲಿನ ಸೀರೆ ಸುತ್ತಿಕೊಂಡು ಬಸ್ಸಿಗೆ ಹೊರಡುವರು. ಆಮೇಲಿನ ಕೆಲಸ ನನ್ನದು. ಉಸಿರು ತೆಗೆದುಕೊಂಡ ಜಾಗ, ತಡವರಿಸಿದ ಜಾಗ, ಕೆಮ್ಮು, ಸುಮ್ಮನೆ ನಿಂತದ್ದು, ಎಲ್ಲವನ್ನೂ ಕತ್ತರಿಸಿ ತೆಗೆದು, ಕೆಳಗೆ ಅಕ್ಷರ ಕೂರಿಸಿ, ಯಾವ ದಿನ ಯಾವುದು ಎಂದು ಶಿವುವಿನ ಮೊಬೈಲಿನಲ್ಲಿ ಹೊಂದಿಸಿಡುವುದು. ಬೆಳಿಗ್ಗೆ ಒಂಬತ್ತಕ್ಕೆ ಅದು ತಾನಾಗಿಯೇ ಹೋಗುತ್ತದೆ. ಜಾಗ ಸಾಲುವುದಿಲ್ಲವೆಂದು ಕತ್ತರಿಸಿದ ಚೂರುಗಳನ್ನೂ ಮೂಲ ವಿಡಿಯೊಗಳನ್ನೂ ಆಯಾ ತಿಂಗಳು ಅಳಿಸಿಬಿಡುತ್ತಿದ್ದೆವು. ಈ ಕೆಲಸ ಮಾಡುವವರೆಲ್ಲ ಮಾಡುವುದು ಹಾಗೆಯೇ.

ಹೆಚ್ಚು ಕತ್ತರಿಸಬೇಕಾದದ್ದು ಒಂದೇ ಕಾರಣಕ್ಕೆ. ಮಾದೇವಮ್ಮನ ಗಂಡ ಪುಟ್ಟಬಸಪ್ಪನವರು ಅಂಗಡಿಯ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಜರಿಯ ಬಗ್ಗೆ ಹೇಳುತ್ತ ಹೇಳುತ್ತ ಮಾದೇವಮ್ಮ ಥಟ್ಟನೆ ಆ ಕಡೆ ಕತ್ತು ತಿರುಗಿಸಿ, "ಏನ್ರೀ, ಕಾಪಿ ಕುಡುದ್ರಾ?" ಎನ್ನುವರು. ಇನ್ನೊಂದು ಸೀರೆಗೆ, "ಏನ್ರೀ, ಬಿಸ್ಲು ಬಂತು, ಒಳೀಕ್ ಬನ್ನಿ." ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ಅವರು ಕರೆದದ್ದನ್ನೆಲ್ಲ ಹುಡುಕಿ ಹುಡುಕಿ ಕತ್ತರಿಸಿದೆ.

ಒಂದು ತಿಂಗಳಿನದನ್ನು ತೆಗೆದು ಮುಗಿಸಿದ ಕೆಲವು ದಿನಕ್ಕೆ ಮಾದೇವಮ್ಮ ತೀರಿಕೊಂಡರು. ಬೆಳಗಿನ ಜಾವ ಎದೆ ನೋವು ಅಂದರಂತೆ, ಆಸ್ಪತ್ರೆ ಮುಟ್ಟಲಿಲ್ಲ. ನಾವು ಸುದ್ದಿ ತಿಳಿದು ಮಧುವನಹಳ್ಳಿಗೆ ಹೋಗುವ ಹೊತ್ತಿಗೆ ಅವರನ್ನು ಜಗುಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ನಮ್ಮಲ್ಲಿಯ ಹಾಗೆಯೇ, ಹಣೆಗೆ ವಿಭೂತಿ, ಕೊರಳಿಗೆ ಹೂವು. ಇಷ್ಟು ದೂರದ ಊರಿನಲ್ಲಿ ನಮ್ಮ ಮನೆಯ ಹಾಗೆಯೇ ಇದ್ದದ್ದು ಇದೊಂದು ಎನಿಸಿ ನನಗೆ ದುಃಖ ತಡೆಯಲಾಗಲಿಲ್ಲ. ಹೆಂಗಸರು ಅಳುತ್ತಿದ್ದರು. ಅಷ್ಟರಲ್ಲಿ ಅಂಗಳದಲ್ಲಿ ಯಾರದೋ ಮೊಬೈಲಿನಿಂದ ಜೋರಾಗಿ ಕೇಳಿತು: "ನಮಸ್ಕಾರ ಕಣ್ರವ್ವಾ! ಚೆನ್ನಾಗಿದ್ದೀರಾ?"

ಒಂಬತ್ತು ಗಂಟೆಯಾಗಿತ್ತು. ಹನೂರಿನಿಂದ ಬಂದಿದ್ದ ನೆಂಟರ ಹುಡುಗಿಯೊಬ್ಬಳು ಸುಮ್ಮನೆ ಮೊಬೈಲು ತೆರೆದಿದ್ದಳು. ಗಿಳಿಹಸಿರು ಸೀರೆಯ ಮಾದೇವಮ್ಮ ನಗುತ್ತ ಬಂದುಬಿಟ್ಟಿದ್ದರು. ಅಳು ನಿಂತುಹೋಯಿತು. ಪುಟ್ಟಬಸಪ್ಪನವರು ಎದ್ದು ನಿಂತು, ಎದುರಿಗೆ ಕೂರಿಸಿದ್ದ ಹೆಂಡತಿಯನ್ನು ನೋಡಲಿಲ್ಲ, ಅಡುಗೆಮನೆಯ ಕಡೆ ನೋಡಿದರು. ಆ ನೋಟವನ್ನು ನಾನು ಮರೆಯಲಾರೆ.

ಅವರ ಹೊಲದಲ್ಲೇ ಮಣ್ಣು ಮಾಡಿ ಬಂದ ಮೇಲೆ ಶಿವು ನನ್ನನ್ನು ಕರೆದು, "ಅಕ್ಕಾ, ಉಳ್ದಿರೋವ್ನೆಲ್ಲ ತಗ್ದಾಕ್ಬುಡಿ" ಅಂದರು. ನಾನು ತೆಗೆಯಲು ಕೂತೆ. ಹಿಂದೆ ಬಂದು ನಿಂತಿದ್ದ ಪುಟ್ಟಬಸಪ್ಪನವರು ತಡೆದರು.

"ಬ್ಯಾಡ ಕಣ್ಲಾ ಶಿವೂ. ಬರ್ಲಿ ಬುಡು. ಇರೋಗಂಟ ಬರ್ಲಿ."

ಹಾಗಾಗಿ ಮಾದೇವಮ್ಮ ದಿನಾ ಬಂದರು. ಒಂದು ದಿನ ನೇರಳೆ, ಒಂದು ದಿನ ಅರಿಶಿನ, ಒಂದು ದಿನ ಇಟ್ಟಿಗೆ ಬಣ್ಣ. ನೋಡುವವರು ಕೆಳಗೆ "ಓಂ ಶಾಂತಿ" ಎಂದು ಬರೆದರು. ಅದರ ಕೆಳಗೇ ಇನ್ನೊಬ್ಬರು, ಈ ಸೀರೆ ಬೇರೆ ಬಣ್ಣದಲ್ಲಿ ಇದೆಯೇ ಎಂದು ಕೇಳಿದರು. ಪುಟ್ಟಬಸಪ್ಪನವರು ಸ್ನಾನ ಮುಗಿಸಿ, ಲಿಂಗಪೂಜೆ ಮಾಡಿಕೊಂಡು, ಒಂಬತ್ತಕ್ಕೆ ಸರಿಯಾಗಿ ಮೊಬೈಲು ಹಿಡಿದು ಕೂರುತ್ತಿದ್ದರು. ಸ್ವಲ್ಪ ದಿನವಾದ ಮೇಲೆ ಅಂಗಡಿಯಲ್ಲಿ ನನ್ನನ್ನು ಹತ್ತಿರಕ್ಕೆ ಕರೆದರು.

"ಮಗಾ, ಇವ್ಳು ಉಸ್ರೇ ತಕಳದಂಗೆ ಮಾತಾಡ್ತಾವ್ಳೆ. ನಮ್ಮೋಳು ಇಂಗೆ ಮಾತಾಡ್ತಿರ್ನಿಲ್ಲ. ನಡುನಡುವೆ ನನ್ನ ಕರೀತಿದ್ಲಲ್ಲ, ಅದೆಲ್ಲೋಯ್ತು?"

"ಅದನ್ನ ತಗದೀನ್ರಿ ಅಜ್ಜಾರ" ಅಂದೆ.

"ತಗುದ್ದನ್ನ ಎಲ್ಲಿಟ್ಟಿದ್ದೀಯೆ? ಅದ್ನ ಕೊಡವ್ವ ನಂಗೆ. ಸೀರೆ ಕಟ್ಕಂಡು ನಾನೇನ್ ಮಾಡ್ಲಿ?"

ಹಳೆಯದೆಲ್ಲ ಅಳಿಸಿಹೋಗಿದೆ ಎಂದು ಅವರಿಗೆ ಹೇಗೆ ಹೇಳಲಿ? ಕೊನೆಯ ತಿಂಗಳಿನ ಮೂಲ ವಿಡಿಯೊಗಳು ಮಾತ್ರ ಇನ್ನೂ ಉಳಿದಿದ್ದವು. ಹುಡುಕಿಕೊಡುತ್ತೇನೆ ಎಂದು ಮನೆಗೆ ಬಂದು ಕೂತೆ. ಒಂದೊಂದನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಸೆರಗು ಸರಿಪಡಿಸಿಕೊಂಡದ್ದು, ಕೆಮ್ಮಿದ್ದು, ಪಿನ್ನು ಚುಚ್ಚಿ "ಅಯ್ಯಯ್ಯೋ" ಎಂದದ್ದು, ಎಲ್ಲ ಇತ್ತು. "ಏನ್ರೀ" ಎನ್ನುವುದು ಎಲ್ಲೂ ಇರಲಿಲ್ಲ. ಒಂದು ಸಲವಾದರೂ ಬಾಗಿಲ ಕಡೆ ಕತ್ತು ತಿರುಗಿಸಿಯೂ ಇರಲಿಲ್ಲ. ನನಗೆ ಅರ್ಥವಾಗಲಿಲ್ಲ. ಮತ್ತೆ ಮೊದಲಿನಿಂದ ಕೇಳಿದೆ.

ಮರುದಿನ ಹೋಗಿ ಇಲ್ಲ ಎಂದಾಗ ಅವರು ತಲೆ ತಗ್ಗಿಸಿ, "ಅವತ್ತು ನಾನು ಯಳಂದೂರ್ಗೆ ಓಗಿದ್ದೆ ಕಣವ್ವ. ಷಡ್ಕನ್ ಮನೇಲಿ ನಾಮ್ಕರ್ಣ. ಅವ್ಳೇ ಕಳ್ಸಿದ್ಲು, ಇಬ್ರಲ್ಲಿ ಒಬ್ರಾದ್ರೂ ಓಗ್ಬೇಕು ಅಂತ" ಅಂದರು.

ಆ ವಿಡಿಯೊಗಳಲ್ಲಿ ಒಂದು ಕರೆ ಮಾತ್ರ ಇತ್ತು. ತೋರಿಸಲೋ ಬೇಡವೋ ಎಂದು ಹಿಂದೆ ಮುಂದೆ ನೋಡಿ ಕೊನೆಗೆ ತೋರಿಸಿದೆ. ಕನಕಾಂಬರ ಹೂವಿನ ಬಣ್ಣದ ಸೀರೆಯಲ್ಲಿ ಮಾದೇವಮ್ಮ ಮಾತು ನಿಲ್ಲಿಸಿ, ಮೊಬೈಲಿನ ಹಿಂದೆ ನಿಂತ ನನ್ನನ್ನು ನೋಡಿ, "ಏ ಬಿಜಾಪುರದೋಳೇ, ಉಂಡ್ಯಾ? ಬೆಳಗ್ಗಿಂದ ನಿಂತೇ ಇದ್ದೀಯಲ್ಲ" ಎನ್ನುತ್ತಾರೆ. ಅದಕ್ಕೆ ನನ್ನ ದನಿ ಕೇಳುತ್ತದೆ: "ನೆಟ್ಟಗ ಈ ಕಡೆ ನೋಡ್ರಿ ಅಮ್ಮಾರ." ಅಷ್ಟೇ. ಅವರು ಕೇಳಿದ್ದಕ್ಕೆ ಉತ್ತರವಿಲ್ಲ. ಗಂಡನನ್ನು ಅಷ್ಟು ಸಲ ಕರೆದಿದ್ದರು, ಉಳಿದದ್ದು ಮಾತ್ರ ಎಲ್ಲಿಂದಲೋ ಬಂದ ನನ್ನನ್ನು ಕರೆದದ್ದು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಪುಟ್ಟಬಸಪ್ಪನವರು ಮಾತ್ರ ಅದನ್ನೇ ಇನ್ನೊಂದು ಸಲ ಹಾಕು ಅಂದರು. ಆಮೇಲೆ, ನನ್ನ ಮೊಬೈಲಿಗೆ ಕಳಿಸು ಅಂದರು.

ಹಾಕಿಟ್ಟ ಸೀರೆಗಳು ಮುಗಿದವು. ಒಂಬತ್ತು ಗಂಟೆಗೆ ಹೊಸದೇನೂ ಬರದ ಬೆಳಗಿನಿಂದ ಪುಟ್ಟಬಸಪ್ಪನವರು ಆ ಒಂದು ತುಣುಕನ್ನು ಕೇಳಿಸಿಕೊಳ್ಳುತ್ತಾರೆ. "ಉಂಡ್ಯಾ?" ಎಂದು ಮಾದೇವಮ್ಮ ಕೇಳಿದ ಕೂಡಲೇ, "ಉಂಡವ್ಳೆ ಕಣಮ್ಮಿ, ನೀನ್ ಸುಮ್ಕಿರು" ಎಂದು ನನ್ನ ಪರವಾಗಿ ಅವರೇ ಹೇಳುತ್ತಾರೆ. ಅಂಗಡಿಯವರೆಲ್ಲ ಕೇಳಿಯೂ ಕೇಳದ ಹಾಗೆ ಸೀರೆ ಮಡಚುತ್ತಿರುತ್ತಾರೆ.

ಈಗ ನಮ್ಮ ಯಜಮಾನರಿಗೆ ವಿಜಯಪುರ ಜಿಲ್ಲೆಗೇ ವರ್ಗವಾಗಿದೆ. ಬೇಸಿಗೆ ರಜೆಗೆ ಊರು ಸೇರುತ್ತೇವೆ. ಅವ್ವನಿಗೆ ಹಿಗ್ಗೋ ಹಿಗ್ಗು. ಅಲ್ಲಿಗೆ ಹೋದರೆ ಓಣಿ ತುಂಬ ರೊಟ್ಟಿಯ ಸಪ್ಪಳ, ಮಾತಿಗೆ ಜನ. ಇಷ್ಟು ದಿನ ಬೇಡಿಕೊಂಡದ್ದು ಇದನ್ನೇ. ಆದರೆ ಸುದ್ದಿ ಬಂದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಒಬ್ಬರ ಮಾತನ್ನು ತಿಂಗಳುಗಟ್ಟಲೆ ಹಿಂದೆ ಮುಂದೆ ಓಡಿಸಿ ಕೇಳಿದ್ದಕ್ಕೋ ಏನೋ, ನನ್ನ ಮಾತೂ ತಿರುಗಿದೆ. "ಅದೇನ್ ಹಂಗ ರಾಗ ಎಳದು ಮಾತಾಡ್ತಿ?" ಎಂದು ಅವ್ವ ಫೋನಿನಲ್ಲಿ ಬೈಯುತ್ತಾಳೆ. ಇಲ್ಲಿಯವರಿಗೆ ನಾನು ಇನ್ನೂ ಆ ಕಡೆಯವಳೇ.

ಮೊನ್ನೆ ಪುಟ್ಟಬಸಪ್ಪನವರಿಗೆ ಹೇಳಲು ಹೋದೆ.

"ಒಳ್ಳೇದಾಯ್ತು ಬುಡವ್ವ. ನಿಮ್ಮವ್ವ ಕಾಯ್ತಿರ್ತಾಳೆ" ಅಂದರು. ಜೇಬಿನಿಂದ ಮೊಬೈಲು ತೆಗೆದು ಆ ತುಣುಕು ಹಾಕಿದರು. "ಉಂಡ್ಯಾ?" ಎಂದು ಮಾದೇವಮ್ಮ ಕೇಳಿದರು. ಈ ಸಲ ಪುಟ್ಟಬಸಪ್ಪನವರು ನನ್ನ ಪರವಾಗಿ ಹೇಳಲಿಲ್ಲ. ಮೊಬೈಲನ್ನು ನನ್ನ ಕಡೆಗೆ ಹಿಡಿದರು.

"ನೀನೇ ಯೋಳು. ನೀನೋದ್ ಮ್ಯಾಲೆ ಇವ್ಳು ಯಾರ್ನ ಕೇಳಾಳು?"

ಊಟ ಆತ್ರಿ ಅಮ್ಮಾರ ಎಂದು ನಮ್ಮ ಸಿಂದಗಿಯ ಮಾತಿನಲ್ಲೇ ಹೇಳಬೇಕೆಂದು ಬಾಯಿ ತೆರೆದೆ. ಅದು ಬರಲಿಲ್ಲ.

"ಉಂಡೆ ಕಣವ್ವ" ಅಂದೆ.