ಐದು ಭಾಷೆಗಳನ್ನು ಕೂಡಿಸಿದ ಲ್ಯಾಬಕ್ಕ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಲ್ಯಾಬಿನಲ್ಲಿ, ಐವತ್ತೆರಡು ವರ್ಷದ ಹೆಂಗಸೊಬ್ಬರು ನಿಂತುಕೊಂಡೇ ಕೆಲಸ ಮಾಡುತ್ತಿದ್ದಾರೆ. ಕುರ್ಚಿ ಇದೆ. ನಾಲ್ಕು ದಿನದಿಂದ ಅದರಲ್ಲಿ ಕೂತಿಲ್ಲ. ವಾರ್ಡುಗಳಿಂದ ಬಂದ ರಕ್ತದ ಟ್ಯೂಬುಗಳನ್ನು ಒಂದೊಂದಾಗಿ ಎತ್ತುತ್ತಾರೆ, ಚೀಟಿಯ ಮೇಲಿನ ನಂಬರನ್ನು ಬಾಯಲ್ಲೇ ಹೇಳಿಕೊಳ್ಳುತ್ತಾರೆ, ಪರದೆಯ ಮೇಲಿನ ನಂಬರಿಗೆ ಹೋಲಿಸಿ ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಈ ಕೆಲಸಕ್ಕೆಂದೇ ಕಂಪ್ಯೂಟರ್ ಇದೆ. ಅದಕ್ಕೆ ಈ ಕೆಲಸ ಕಲಿಸಿದವರೂ ಇವರೇ.

ಟ್ಯೂಬುಗಳ ಇನ್ನೊಂದು ತಟ್ಟೆ ತಂದ ವಾರ್ಡಿನ ಸಿಸ್ಟರ್ ಬಾಗಿಲಲ್ಲೇ ನಿಂತು ನೋಡುತ್ತಾರೆ. "ಏನ್ ಲ್ಯಾಬಕ್ಕ, ಇವತ್ತೂ ಕಂಪ್ಯೂಟರ್ ಮೇಲೆ ಮುನಿಸಾ?"

"ಅದರ ಮೇಲೆ ಯಾಕೆ ಸಿಸ್ಟರ್, ಪಾಪ. ನನ್ನ ಮೇಲೇ ಮುನಿಸು. ಇಲ್ಲಿ ತಪ್ಪಾಗಲ್ಲ ಅಂತ ಗೊತ್ತು. ಆದ್ರೂ ಕೈ ಸುಮ್ನಿರಲ್ಲ."

ಆಸ್ಪತ್ರೆಯಲ್ಲಿ ಎಲ್ಲರಿಗೂ ಇವರು ಲ್ಯಾಬಕ್ಕ. ಮೇಲಿನ ಮಹಡಿಯ ಗೋಡೆಯಲ್ಲಿ ದಾನ ಕೊಟ್ಟವರ ಫೋಟೊ ಇದೆ, ರಿಬ್ಬನ್ ಕತ್ತರಿಸಿದವರ ಫೋಟೊ ಇದೆ. ದಿನಾ ಬೆಳಗಾದರೆ ಮುನ್ನೂರೆಪ್ಪತ್ತು ಜನರ ರಕ್ತದ ವರದಿಯನ್ನು ಏಳೂಮುಕ್ಕಾಲಿನೊಳಗೆ ಡಾಕ್ಟರುಗಳ ಕೈಗೆ ಮುಟ್ಟಿಸುವ ಈ ಹೆಂಗಸಿನ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಇಪ್ಪತ್ತೇಳು ವರ್ಷದ ಹಿಂದೆ ಅವರು ಇಲ್ಲಿಗೆ ಬಂದದ್ದು ಗಾಜಿನ ಸಾಮಾನು ತೊಳೆಯಲು. ಆಮೇಲೆ ಪರೀಕ್ಷೆ ಮಾಡುವುದು ಕಲಿತರು. ಯಂತ್ರಗಳು ಬಂದವು, ಅವುಗಳ ಹಿಂದೆ ಕಂಪ್ಯೂಟರ್ ಬಂತು. ಒಂದೊಂದು ಯಂತ್ರಕ್ಕೆ ಒಬ್ಬೊಬ್ಬರು ಬಂದು, ತಮತಮಗೆ ಬಂದ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ಚಹಾ ಕುಡಿದು, ಕೈ ತೊಳೆದುಕೊಂಡು ಹೋದರು. ಹೀಗೆ ಲ್ಯಾಬಿನಲ್ಲಿ ಐದು ಭಾಷೆಗಳು ಸೇರಿಕೊಂಡವು. ಒಂದು ಹೇಳಿದ್ದು ಇನ್ನೊಂದಕ್ಕೆ ತಿಳಿಯದು. ನಡುವೆ ಕೂತು ಇದರ ಉತ್ತರವನ್ನು ಕೈಯಲ್ಲಿ ಬರೆದು ಅದಕ್ಕೆ ಉಣಿಸುವ ಕೆಲಸ ಲ್ಯಾಬಕ್ಕನ ಪಾಲಿಗೆ ಬಂತು. ಒಮ್ಮೆ ಕೈ ತಪ್ಪಿ ಒಬ್ಬರ ಸಕ್ಕರೆಯ ಅಂಶ ಇನ್ನೊಬ್ಬರ ಹೆಸರಿಗೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಇವರಿಗೆ ಮಾತ್ರ ಊಟ ಸೇರಲಿಲ್ಲ.

ಅಂದಿನಿಂದ ಮಗಳ ಕಾಲೇಜಿನ ಪುಸ್ತಕಗಳನ್ನು ಬಸ್ಸಿನಲ್ಲಿ ಓದಿದರು. ಆರು ವರ್ಷ ಹಿಡಿಯಿತು. ಕಂಪ್ಯೂಟರಿಗೆ ಇದಾದ ಮೇಲೆ ಇದು ಮಾಡು ಎಂದು ಸಾಲಾಗಿ ಹೇಳುವ ಪಟ್ಟಿಗೆ ಶೆಲ್ ಸ್ಕ್ರಿಪ್ಟ್ ಎನ್ನುತ್ತಾರೆ. ಆ ಒಂದೇ ಪಟ್ಟಿಯೊಳಗೆ ಐದೂ ಭಾಷೆಗಳು ತಮ್ಮ ತಮ್ಮ ಜಾಗದಲ್ಲಿ ಇದ್ದುಕೊಂಡು, ಒಂದು ತನ್ನ ಕೆಲಸ ಮುಗಿಸಿ ಉತ್ತರವನ್ನು ಮುಂದಿನದರ ಕೈಗೆ ಕೊಡುವಂಥ ಸಲಕರಣೆಯೊಂದನ್ನು ಅವರು ಕಟ್ಟಿದರು.

"ಐದು ಜನ ವಾರಗಿತ್ತಿಯರನ್ನ ಒಂದೇ ಅಡುಗೆಮನೇಲಿ ಬಿಟ್ಟ ಹಾಗೆ ಅದು," ಎನ್ನುತ್ತಾರೆ ಲ್ಯಾಬಕ್ಕ. "ಒಬ್ಬಳ ಮಾತು ಇನ್ನೊಬ್ಬಳಿಗೆ ಆಗಿಬರಲ್ಲ. ನನ್ನ ಸಲಕರಣೆ ಅತ್ತೆ ಇದ್ದ ಹಾಗೆ. ಇವಳ ಪಾತ್ರೆ ತಗೊಂಡು ಅವಳ ಕೈಗೆ ಕೊಡುತ್ತೆ, ಅಷ್ಟೇ. ಜಗಳ ಬಿಡಿಸಲ್ಲ."

ಒಂಬತ್ತು ವರ್ಷದ ಹಿಂದೆ, ಬೇರೆಯವರಿಗೂ ಉಪಯೋಗವಾಗಲಿ ಎಂದು ಅದನ್ನು ಇಂಟರ್‌ನೆಟ್ಟಿನಲ್ಲಿ ಬಿಟ್ಟಿಯಾಗಿ ಇಟ್ಟರು. ಹೆಸರು ಹಾಕಲಿಲ್ಲ, ಸಂದೇಹ ಕೇಳಲು ಒಂದು ಇಮೇಲ್ ವಿಳಾಸ ಮಾತ್ರ. ಸಣ್ಣ ಊರುಗಳ ಆಸ್ಪತ್ರೆಗಳು, ಬಡ ಲ್ಯಾಬುಗಳು ತೆಗೆದುಕೊಂಡವು. ನಲವತ್ತಮೂರು ಕಡೆಯಿಂದ ಒಂದಲ್ಲ ಒಂದು ಸಂದೇಹ ಕೇಳಿ ಪತ್ರ ಬಂದಿದೆ. ಹೇಳದೆ ಕೇಳದೆ ತೆಗೆದುಕೊಂಡವರು ಎಷ್ಟೋ, ಗೊತ್ತಿಲ್ಲ. ಈಗ ಸಂಕಟವಾಗಿರುವುದು ಅದೇ.

ಕಳೆದ ವಾರ ದೂರದ ಒಂದು ಲ್ಯಾಬಿನಿಂದ ಪತ್ರ ಬಂತು. ಅಲ್ಲಿ ಟ್ಯೂಬುಗಳಿಗೆ 001, 002 ಎಂದು ನಂಬರು. 010 ಒಬ್ಬ ಮುದುಕರದ್ದು, ಮೈಯಲ್ಲಿ ರಕ್ತವೇ ಇಲ್ಲದಷ್ಟು ಕೃಶರಾಗಿದ್ದವರು. 008 ಹೆರಿಗೆಗೆ ಬಂದ ಹೆಣ್ಣುಮಗಳದ್ದು. ಮುದುಕರ ವರದಿ ಆಕೆಯ ಹೆಸರಿನಲ್ಲಿ ಹೊರಬಿತ್ತು. ಆಕೆಗೆ ರಕ್ತ ಕೊಡಲು ಬಾಟಲಿ ಸಿದ್ಧವಾಗಿತ್ತು. ಅಲ್ಲಿನ ನರ್ಸ್ ಒಬ್ಬರು ಆಕೆಯ ಮುಖ ನೋಡಿ, "ಇಷ್ಟು ಕಡಿಮೆ ಇದ್ದಿದ್ರೆ ಈಕೆ ಮೆಟ್ಟಿಲು ಹತ್ತಿ ಬರ್ತಾನೇ ಇರಲಿಲ್ಲ" ಎಂದು ತಡೆದಿದ್ದರಿಂದ ಅನಾಹುತ ತಪ್ಪಿತು.

ತಪ್ಪು ಲ್ಯಾಬಕ್ಕನ ಸಲಕರಣೆಯದು. ಮುಂದೆ ಸೊನ್ನೆ ಇರುವ ಸಂಖ್ಯೆಯನ್ನು ಕಂಡರೆ ಕೆಲವು ಕಂಪ್ಯೂಟರ್ ಭಾಷೆಗಳು ಹತ್ತರ ಲೆಕ್ಕ ಬಿಟ್ಟು ಎಂಟರ ಲೆಕ್ಕ ಹಿಡಿಯುತ್ತವೆ. ಆ ಲೆಕ್ಕದಲ್ಲಿ 7 ಆದ ಮೇಲೆ 10 ಬರುತ್ತದೆ, ಹಾಗಾಗಿ ಅವಕ್ಕೆ 010 ಎಂದರೆ ಎಂಟು. ಎಂಟರ ಲೆಕ್ಕದಲ್ಲಿ 8 ಎಂಬ ಅಂಕಿಯೇ ಇಲ್ಲದ್ದರಿಂದ 008 ಅನ್ನು ಅವುಗಳಲ್ಲಿ ಕೆಲವು ಮಾಮೂಲಿ ಎಂಟು ಎಂದೇ ಓದುತ್ತವೆ. ಎರಡು ಟ್ಯೂಬು, ಒಂದೇ ನಂಬರು. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವಾಗ ಇದನ್ನು ಬರಿಯ ಚೀಟಿ ಎಂದು ಹಾಗೇ ಕೊಡಬೇಕಿತ್ತು. ಸಲಕರಣೆ ಅದನ್ನು ಸಂಖ್ಯೆ ಎಂದು ಕೊಟ್ಟಿತು. ಇವರ ಆಸ್ಪತ್ರೆಯಲ್ಲಿ ನಂಬರಿನ ಮುಂದೆ ವಾರ್ಡಿನ ಅಕ್ಷರ ಇರುತ್ತದೆ. ಹಾಗಾಗಿ ಒಂಬತ್ತು ವರ್ಷ ಇದು ಕಣ್ಣಿಗೆ ಬೀಳಲೇ ಇಲ್ಲ.

"ನಮ್ಮನೆ ಬಾಗಿಲು ಅಳೆದು ಊರಿಗೆಲ್ಲ ಬಾಗಿಲು ಮಾಡಿಕೊಟ್ಟೆ," ಎಂದು ಅವರು ಪೆನ್ಸಿಲು ಮೇಜಿನ ಮೇಲೆ ಕುಟ್ಟುತ್ತಾರೆ. "ಸರಿ ಮಾಡೋಕೆ ನಲವತ್ತು ನಿಮಿಷ ಸಾಕಾಯ್ತು. ಒಂಬತ್ತು ಸಾಲು. ಆದ್ರೆ ಹಳೇದು ಯಾರ್ಯಾರ ಮನೇಲಿ ಕೂತಿದೆಯೋ ಅದನ್ನ ಇಲ್ಲಿಂದ ಹೇಗೆ ಕಿತ್ತುಕೊಳ್ಳಲಿ?"

ಲ್ಯಾಬಿನ ಮುಖ್ಯಸ್ಥರಿಗೆ ಇದು ತಲೆನೋವಿನ ವಿಷಯವೇ ಅಲ್ಲ. ಸೋಮವಾರ ಕರೆಸಿ ಹೇಳಿದ್ದಾರೆ: "ಹೊಸದು ಹಾಕಿದ್ದೀರಲ್ಲಮ್ಮ, ಸುಮ್ಮನಿರಿ. ಊರಿಗೆಲ್ಲ ಡಂಗುರ ಸಾರಬೇಕಾ?"

"ಹಳೇದು ಇಟ್ಕೊಂಡಿರೋರಿಗೆ ಹೇಗೆ ಗೊತ್ತಾಗುತ್ತೆ ಸರ್?"

"ಅದು ಅವರ ಪಾಡು. ಆಸ್ಪತ್ರೆ ಹೆಸರು ಎಲ್ಲೂ ಬರಬಾರದು, ನೋಡಿ."

"ಆಯ್ತು ಸರ್. ನನ್ನ ಹೆಸರು ಹಾಕ್ತೀನಿ."

ಹಾಕಿದರು. ಸಲಕರಣೆಯ ಪುಟದ ನೆತ್ತಿಯ ಮೇಲೆ, ದಪ್ಪ ಅಕ್ಷರದಲ್ಲಿ, ತಪ್ಪು ಏನು, ಯಾರಿಗೆ ಅಪಾಯ, ತಕ್ಷಣ ಏನು ನಿಲ್ಲಿಸಬೇಕು ಎಂದು ಬರೆದು, ಕೆಳಗೆ ತಮ್ಮ ಪೂರ್ತಿ ಹೆಸರು, ಮನೆಯ ವಿಳಾಸ, ಫೋನ್ ನಂಬರು. ಒಂಬತ್ತು ವರ್ಷದಲ್ಲಿ ಮೊದಲ ಸಲ. ಒಳ್ಳೆಯ ಕೆಲಸಕ್ಕೆ ತಾವೇ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಕೆಟ್ಟದ್ದಾದಾಗ "ತಾಂತ್ರಿಕ ಕಾರಣ" ಎನ್ನುವ ದೊಡ್ಡ ಮನುಷ್ಯರು ಈ ಪುಟವನ್ನೊಮ್ಮೆ ಓದಬೇಕು. ಓದುವುದಿಲ್ಲ, ಬಿಡಿ.

ಮನೆಯಲ್ಲಿ ಯಜಮಾನರು ಲಿಫ್ಟ್ ರಿಪೇರಿ ಮಾಡುವವರು. ನಲವತ್ತಮೂರರ ಪಟ್ಟಿಯಲ್ಲಿ ಅರ್ಧವನ್ನು ಅವರೇ ತೆಗೆದುಕೊಂಡು ಮೂರು ದಿನದಿಂದ ಒಂದೊಂದೇ ಕಡೆಗೆ ಫೋನ್ ಮಾಡುತ್ತಿದ್ದಾರೆ. "ಐದು ಭಾಷೆ ಮಾತಾಡಿಸ್ತಾಳೆ, ನನ್ನ ಹತ್ರ ಮಾತಾಡೋಕೆ ಟೈಮಿಲ್ಲ ಇವಳಿಗೆ," ಎಂದು ನಗಿಸಲು ನೋಡುತ್ತಾರೆ. ಆಮೇಲೆ ಅವರೇ ಗಂಭೀರವಾಗುತ್ತಾರೆ. "ಹಗ್ಗ ಸವೆದಿದೆ ಅಂತ ಗೊತ್ತಾದ ಮೇಲೆ ಲಿಫ್ಟ್ ನಿಲ್ಲಿಸದೆ ಊಟಕ್ಕೆ ಹೋಗೋಕಾಗುತ್ತಾ ಹೇಳಿ?"

ಇವತ್ತಿಗೆ ನಲವತ್ತೊಂದು ಲ್ಯಾಬುಗಳು ಹಳೆಯದನ್ನು ನಿಲ್ಲಿಸಿವೆ. ಒಂದು ಮುಚ್ಚಿಹೋಗಿದೆ. ಇನ್ನೊಂದರ ಫೋನ್ ಯಾರೂ ಎತ್ತುತ್ತಿಲ್ಲ. ಅಲ್ಲಿಗೆ ನಾಳೆ ಬಸ್ಸು ಹತ್ತಿ ತಾವೇ ಹೋಗುತ್ತಾರಂತೆ. ಪಟ್ಟಿಯಲ್ಲೇ ಇಲ್ಲದವರ ಬಗ್ಗೆ ಕೇಳಿದರೆ ಇನ್ನೊಂದು ಟ್ಯೂಬು ಎತ್ತಿಕೊಳ್ಳುತ್ತಾರೆ.

ಏಳೂವರೆಗೆ ವರದಿಗಳು ಮೇಲೆ ಹೋಗುತ್ತವೆ. ಲ್ಯಾಬಕ್ಕ ಕೈ ಒರೆಸಿಕೊಳ್ಳುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್. ಆ ಕಡೆಯ ದನಿ ಎಷ್ಟು ಜೋರಾಗಿದೆಯೆಂದರೆ ಎರಡು ಮೇಜಿನ ಆಚೆಗೂ ಕೇಳುತ್ತದೆ. ಯಾವುದೋ ಲ್ಯಾಬಿನವರು, ಎರಡು ವರ್ಷದಿಂದ ಇದನ್ನೇ ಬಳಸುತ್ತಿದ್ದಾರಂತೆ, ಸೂಚನೆ ಓದಿದ್ದು ಈಗಂತೆ. ಜನರ ಪ್ರಾಣ ಅಂದರೆ ಆಟವೇ, ಬರದ ಕೆಲಸಕ್ಕೆ ಯಾಕೆ ಕೈ ಹಾಕಿದಿರಿ, ಎಂದು ಹತ್ತು ನಿಮಿಷ ಬೈಯುತ್ತಾರೆ. ಬೈಗುಳದ ನಡುವೆಯೇ ಲ್ಯಾಬಕ್ಕ ಪೆನ್ಸಿಲು ಎತ್ತಿಕೊಳ್ಳುತ್ತಾರೆ. ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ನಿಲ್ಲಿಸಿದ್ರಾ ಸರ್?"

ನಿಲ್ಲಿಸಿದ್ದಾರೆ.

ಫೋನ್ ಇಟ್ಟು ಪಟ್ಟಿಯ ಕೆಳಗೆ ನಲವತ್ತನಾಲ್ಕು ಎಂದು ಬರೆದು, ಮುಂದೆ ಆ ಊರಿನ ಹೆಸರು ಬರೆಯುತ್ತಾರೆ. ನಾಲ್ಕು ದಿನದಲ್ಲಿ ಮೊದಲ ಬಾರಿ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

"ಇವರು ನನಗೆ ಗೊತ್ತೇ ಇರಲಿಲ್ಲ ನೋಡಿ," ಎನ್ನುತ್ತಾರೆ. "ಹೆಸರು ಹಾಕಿದ್ದಕ್ಕೆ ಸಿಕ್ಕಿದ್ರು. ಇನ್ನೂ ಯಾರಾದ್ರೂ ಇದ್ರೆ ಬೇಗ ಫೋನ್ ಮಾಡಿ ಬೈದುಬಿಡಲಿ."