‘ಸಾಕು’ ಎನ್ನುವ ಮೇಷ್ಟ್ರು

ಬೆಳಗಿನ ಐದೂಮುಕ್ಕಾಲು. ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿನ ಕೋಣೆಯಲ್ಲಿ ಮೇಷ್ಟ್ರು ಒದ್ದೆ ಬಟ್ಟೆಯಿಂದ ಭಾರ ಎತ್ತುವ ರಾಡ್‌ಗಳನ್ನು ಒರೆಸುತ್ತಿದ್ದಾರೆ. ಇರುವುದೊಂದೇ ಕಿಟಕಿ. ಅದರ ಪಕ್ಕ ಎತ್ತರದ ಸ್ಟೂಲಿಗೆ ಒರಗಿ ಮಗಳು ನಿಂತಿದ್ದಾಳೆ, ಕೈಯಲ್ಲಿ ಮೊಬೈಲ್. ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದನ್ನು ಮೇಷ್ಟ್ರು ರಾಡಿನ ತುದಿಗೆ ಕಟ್ಟುತ್ತಾರೆ. ರಾಡ್ ಎಷ್ಟು ವೇಗವಾಗಿ ಮೇಲೆದ್ದಿತು ಎಂಬುದು ಡಬ್ಬಿಯಿಂದ ಮೊಬೈಲಿಗೆ ಬರುತ್ತದೆ. ಮಗಳು ಅದನ್ನು ಗಟ್ಟಿಯಾಗಿ ಓದುತ್ತಾಳೆ.

ರಾಡಿನ ಕೆಳಗೆ ಹದಿನಾರರ ಹುಡುಗಿ. ಉದ್ದಜಿಗಿತದವಳು, ಎಲ್ಲರ ಬಾಯಲ್ಲೂ ಮಿಡತೆ. ಹೆಗಲ ಮೇಲೆ ಐವತ್ತು ಕಿಲೋ. ಕುಕ್ಕರಿಸಿ ಏಳುತ್ತಾಳೆ.

“ನಲವತ್ನಾಲ್ಕು,” ಎನ್ನುತ್ತಾಳೆ ಮಗಳು. ಸೆಕೆಂಡಿಗೆ ನಲವತ್ನಾಲ್ಕು ಸೆಂಟಿಮೀಟರ್. ಹೋದ ವಾರ ಇದೇ ತೂಕ ಅರವತ್ತೆರಡರಲ್ಲಿ ಎದ್ದಿತ್ತು. ವೇಗ ಇಳಿದರೆ ಮೈ ದಣಿದಿದೆ ಎಂದರ್ಥ.

“ಸಾಕು, ಇಳಿಸು.”

“ಮೇಷ್ಟ್ರೇ, ಒಂದೇ ಒಂದು!”

“ರಾತ್ರಿ ನಿದ್ದೆ ಮಾಡಿದ್ಯಾ?”

ಹುಡುಗಿ ನೆಲ ನೋಡುತ್ತಾಳೆ. “ಪರೀಕ್ಷೆಗೆ ಓದ್ತಿದ್ದೆ.”

ಮೇಷ್ಟ್ರಿಗೆ ಐವತ್ತೆಂಟು. ಇದೇ ಕೋಣೆಯಲ್ಲಿ ಇಪ್ಪತ್ತಾರು ವರ್ಷ. ಅದರಲ್ಲಿ ಇಪ್ಪತ್ತು ವರ್ಷ ಗೋಡೆಯ ಪಟ್ಟಿ ಹಾಕಿದ ಗೆರೆ ದಾಟಿದವರಲ್ಲ. ಒಬ್ಬರು ಎತ್ತಬಲ್ಲ ಅತಿ ಹೆಚ್ಚು ತೂಕವನ್ನು ಒಮ್ಮೆ ನೋಡಿಕೊಂಡು, ಈ ವಾರ ಅದರ ಶೇಕಡಾ ಎಪ್ಪತ್ತು, ಮುಂದಿನ ವಾರ ಎಂಬತ್ತೈದು ಎಂದು ಮೊದಲೇ ಬರೆದಿಡುವ ಪಟ್ಟಿ ಅದು.

“ಪಟ್ಟಿಯಿಂದ ಗಟ್ಟಿಯಾದ ಮಕ್ಕಳು ಬೇಕಾದಷ್ಟಿದ್ದಾರೆ, ಇಲ್ಲ ಅನ್ನಬಾರದು. ಆದ್ರೆ ಜ್ವರ ಬಂದಿದ್ದು ಪಟ್ಟಿಗೆ ಗೊತ್ತಾಗಲ್ಲ,” ಎನ್ನುತ್ತಾರೆ ಮೇಷ್ಟ್ರು.

ಜ್ವರ ಬಂದಿದ್ದು ಮಗಳಿಗೆ. ಆರು ವರ್ಷದ ಹಿಂದೆ, ಅವಳ ಹದಿನೇಳರಲ್ಲಿ. ‘ಅಪ್ಪ, ಇವತ್ತು ಬೇಡ’ ಎಂದಿದ್ದಳು. ಪಟ್ಟಿಯಲ್ಲಿ ಎಂಬತ್ತೈದು ಇತ್ತು.

“ನೆಪ ಹೇಳ್ಬೇಡ ಅಂದೆ,” ಎನ್ನುತ್ತಾರೆ ಮೇಷ್ಟ್ರು, ತೂಕದ ಪ್ಲೇಟು ಒರೆಸುತ್ತಲೇ.

ನಾಲ್ಕನೇ ಸಲ ಎತ್ತುವಾಗ ಅವಳ ಬೆನ್ನಿನ ಡಿಸ್ಕ್ ಜಾರಿತು. ಎರಡು ಆಪರೇಷನ್ ಆಗಿವೆ. ಇವತ್ತಿಗೂ ಅವಳು ಅರ್ಧ ಗಂಟೆಗಿಂತ ಹೆಚ್ಚು ಕೂರಲಾರಳು, ಬಗ್ಗಲಾರಳು. ಬೂಟಿನ ದಾರ ಅಪ್ಪನೇ ಕಟ್ಟುತ್ತಾರೆ.

ಡಬ್ಬಿ ತಂದವಳು ಅವಳೇ. “ಆವತ್ತು ನಾನು ಹೇಳಿದ್ದನ್ನೇ ಈಗ ಇದು ಹೇಳ್ತಿದೆ. ನಮ್ಮಪ್ಪಂಗೆ ಹುಡುಗೀರ ಬಾಯಿಂದ ಬಂದ್ರೆ ನೆಪ, ಮೊಬೈಲಿಂದ ಬಂದ್ರೆ ವಿಜ್ಞಾನ!” ಎಂದು ನಗುತ್ತಾಳೆ. ಮೇಷ್ಟ್ರು ನಗುವುದಿಲ್ಲ.

ಏಳು ಗಂಟೆಗೆ ಮಿಡತೆಯ ತಾಯಿ ಬರುತ್ತಾರೆ. ಶನಿವಾರ ಕ್ರೀಡಾ ಹಾಸ್ಟೆಲಿನ ಆಯ್ಕೆ. ಅಲ್ಲಿ ವೇಗ ನೋಡುವವರಿಲ್ಲ. ಜಿಗಿತ ಎಷ್ಟೇ ಚೆನ್ನಾಗಿರಲಿ, ಅರವತ್ತು ಕಿಲೋ ಹೊತ್ತು ಏಳದವರಿಗೆ ಸೀಟಿಲ್ಲ.

“ಇನ್ನು ಮೂರೇ ದಿನ ಮೇಷ್ಟ್ರೇ. ನೀವು ಇಳಿಸು ಇಳಿಸು ಅಂತಿದ್ರೆ ಇವಳು ಎತ್ತೋದ್ಯಾವಾಗ?”

“ಇವತ್ತು ಮಲಗಲಿ ಕಣಮ್ಮ. ಶನಿವಾರಾನೂ ಹೀಗೇ ಇದ್ರೆ ಅಲ್ಲೂ ಎತ್ತೋದು ಬೇಡ.”

“ನಿಮ್ಮ ಮಗಳಿಗಾಯ್ತು ಅಂತ ಎಲ್ಲರ ಮಕ್ಕಳಿಗೂ ಆಗುತ್ತಾ?”

ಮಗಳು ಕಿಟಕಿಯ ಕಡೆ ತಿರುಗುತ್ತಾಳೆ. ತಾಯಿ ಹುಡುಗಿಯ ಚೀಲ ಎತ್ತಿಕೊಳ್ಳುತ್ತಾರೆ. ರಸ್ತೆಯಾಚೆ ಇನ್ನೊಂದು ಜಿಮ್ ಇದೆ. ಅಲ್ಲಿ ಗೋಡೆಯ ಮೇಲೆ ಪಟ್ಟಿಯೂ ಇದೆ.

“ಬರ್ತೀನಿ ಅಕ್ಕ,” ಎನ್ನುತ್ತಾಳೆ ಮಿಡತೆ. ಮೇಷ್ಟ್ರ ಮುಖ ನೋಡುವುದಿಲ್ಲ.

ಪಟ್ಟಿಯ ಕಾಲದಲ್ಲಿ ಬೆಳಿಗ್ಗೆ ನಲವತ್ತು ಮಕ್ಕಳು ಬರುತ್ತಿದ್ದರು. ನಿನ್ನೆಯವರೆಗೆ ಏಳು. ಈಗ ಆರು. ತಿಂಗಳ ಕೊನೆಗೆ ಕ್ರೀಡಾಂಗಣದವರು ಈ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ತುಂಬಿಸುತ್ತಾರಂತೆ.

ರಸ್ತೆಯಾಚೆಯಿಂದ ಕಬ್ಬಿಣದ ಸದ್ದು ಬರತೊಡಗುತ್ತದೆ. ಒರೆಸುವ ಕೈ ನಿಲ್ಲುತ್ತದೆ. ಇನ್ನೊಂದು ಸದ್ದು. ಅದರ ಹಿಂದೆ ಮತ್ತೊಂದು, ತುಸು ತಡವಾಗಿ. ಎತ್ತುತ್ತಿರುವವರು ಯಾರೆಂದು ಇಲ್ಲಿಂದ ಕಾಣುವುದಿಲ್ಲ.

“ಅಪ್ಪ, ದಾರ ಬಿಚ್ಚಿದೆ.”

ಮೇಷ್ಟ್ರು ಮಗಳ ಮುಂದೆ ಮಂಡಿಯೂರುತ್ತಾರೆ. ಆಸೆ ಏನಾದರೂ ಉಳಿದಿದೆಯೇ ಎಂದರೆ, ಗಂಟು ಬಿಗಿಯುತ್ತಲೇ ಹೇಳುತ್ತಾರೆ:

“ಆ ಹುಡುಗಿ ಶನಿವಾರ ಅರವತ್ತು ಹೊತ್ತು ಎದ್ದುಬಿಡ್ಲಿ. ಬೆನ್ನೂ ನೆಟ್ಟಗಿರ್ಲಿ. ಮೇಷ್ಟ್ರಿಗೆ ಏನೂ ಗೊತ್ತಿರ್ಲಿಲ್ಲ ಅಂತ ಊರೆಲ್ಲ ಆಡ್ಕೊಳ್ಲಿ, ನಂಗೆ ಅಷ್ಟೇ ಸಾಕು.”