ಡಬ್ಬಿಯೊಳಗಿನ ಮರ್ಯಾದೆ

ಕ್ಷಯದ ಕ್ರಿಮಿಗೆ ಬದುಕಲು ಏನು ಬೇಕೇ ಬೇಕೋ ಅದನ್ನು ಹುಡುಕಿ ತಡೆದರೆ ಹೊಸ ಔಷಧಿಗೆ ದಾರಿಯಾಗುತ್ತದೆ ಎಂದು ನನಗೆ ಮೊದಲು ಹೇಳಿದವಳು ಮನಗೂಳಿಯ ಮುಬೀನಾ, ಸಂಶೋಧನೆ ಮಾಡುವ ಹುಡುಗಿ. ಹಳೆಯ ಗುಳಿಗೆಗೆ ನನ್ನ ಕ್ಷಯ ಬಗ್ಗಿರಲಿಲ್ಲ. ಅವಳು ಹಾಗೆ ಹೇಳಿದ ಮರುದಿನದಿಂದ ಬೇರೆ ಗುಳಿಗೆ ಶುರುವಾಗುವುದಿತ್ತು. ಅದಕ್ಕೆ ಮೊದಲೇ ಅವಳಿಗೆ ಆ ಕ್ರಿಮಿ ಇರುವ ನನ್ನ ಕಫ ಬೇಕಿತ್ತು.

ಮರುದಿನ ನಸುಕಿನಲ್ಲಿ ಗಟ್ಟಿ ಕಫವನ್ನೆಲ್ಲ ಬಚ್ಚಲಲ್ಲಿ ಉಗುಳಿ, ಸ್ನಾನ, ಲಿಂಗಪೂಜೆ ಮುಗಿಸಿ, ತಿಳಿಯಾದ ಉಗುಳನ್ನು ಅವಳು ಕೊಟ್ಟಿದ್ದ ಡಬ್ಬಿಗೆ ಹಾಕಿಕೊಂಡು ದವಾಖಾನೆಗೆ ಹೋದೆ. ಮಂದಿಯ ಮಗಳ ಕೈಗೆ ಹೊಲಸು ಕೊಡುವುದು ಹೇಗೆ?

“ಕಾಕಾರ, ಇದು ಬರೇ ಉಗುಳ ಐತ್ರಿ. ಕ್ರಿಮಿ ಎಲ್ಲಿ?”

“ಹೊಲಸಂತ ಬಚ್ಚಲಕ್ಕ ಹಾಕಿ ಬಂದೇನವ್ವ.”

“ಅಯ್ಯ! ನನಗ ಬೇಕಾದ್ದು ಬಚ್ಚಲಕ್ಕ ಕೊಟ್ಟು, ಬ್ಯಾಡಾದ್ದು ನನಗ ತಂದೀರಿ? ಗುಳಿಗಿ ಚಾಲೂ ಆದಮ್ಯಾಲ ಅದು ಸಿಗೂದು ಕಷ್ಟರಿ. ಹೊರಗ ಹೋಗಿ ಎದಿಯಾಳದಿಂದ ಕೆಮ್ಮರಿ.”

“ಆ ಹೊಸ ಔಷಧ ನನಗ ಬರತೈತೇನು?”

“ಸುಳ್ಳು ಹೇಳೂದಿಲ್ರಿ. ಅದು ಮುಂದಿನವರಿಗೆ.”

“ಹಂಗಾರ ಜೋರಲೇ ಕೆಮ್ಮತೇನಿ.”

ಬೇವಿನ ಗಿಡದ ಕೆಳಗೆ ಶಿವನ ಹೆಸರು ಹೇಳಿ ಕೆಮ್ಮಿ, ಬಂದ ಗಟ್ಟಿ ಕಫವನ್ನು ಅವಳು ಕೊಟ್ಟ ಬೇರೆ ಡಬ್ಬಿಗೆ ಹಾಕಿದೆ. ಆ ಡಬ್ಬಿಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಒಯ್ದಳು. ನನ್ನ ಯಾವ ಕಾಣಿಕೆಯನ್ನೂ ಯಾರೂ ಅಷ್ಟು ಜತನ ಮಾಡಿರಲಿಲ್ಲ.

ನಾನೀಗ ಗುಣವಾಗಿದ್ದೇನೆ, ಅವಳ ಹುಡುಕಾಟ ನಡೆದಿದೆ, ಸಿಕ್ಕೇ ಸಿಗುತ್ತದೆ. ಕಫ ಕೊಡಲು ನಾಚುವವರು ಕಂಡರೆ ಇದನ್ನು ಹೇಳಿರಿ. ನನ್ನ ಹೆಸರು ಮಾತ್ರ ಬೇಡ.